ಮರದಿಂದ ಬಿದ್ದ ಕಾಯಿ ಒಡೀಲಿಲ್ಲ, ಕೈಯಿಂದ ಎಸೆದಿದ್ದು ಚೂರಾಯ್ತು

ಅಕ್ಕನ ಮಗಳು ಪುಟ್ಟಿ ಈಗ 9ನೇ ಕ್ಲಾಸು. ದಸರಾ ರಜೆಗೆ ಊರಿಗೆ ಬಂದಿದ್ಲು, ನಾನೂ ನಾಲ್ಕು ದಿನ ಲೀವ್ ಹಾಕಿ ಬೆಂಗಳೂರಿಂದ ಹೋಗಿದ್ದೆ. ನಮ್ಮೂರು ತಿಪಟೂರು ಕಡೆ, ಅಲ್ಲಿ ಯಾವ ದಿಕ್ಕಿಗೆ ತಿರುಗಿದ್ರೂ ತೆಂಗಿನ ಮರಾನೇ, ಅದಕ್ಕೇ ಏನೋ ಅವಳ ಸ್ಕೂಲಲ್ಲಿ ಟೆಸ್ಟ್ ಪೇಪರ್ ತೆಗೆದವರಿಗೂ ತೆಂಗಿನಕಾಯಿನೇ ಹೊಳೆದಿದೆ. ಪ್ರಶ್ನೆ ಹೀಗಿತ್ತು, 1.5 ಕೆಜಿ ತೂಕದ ತೆಂಗಿನಕಾಯಿ 15 ಮೀಟರ್ ಎತ್ತರದ ಮರದಿಂದ ಬಿದ್ದರೆ ನೆಲಕ್ಕೆ ಎಷ್ಟು ಬಲದಿಂದ ಅಪ್ಪಳಿಸುತ್ತದೆ? ಎರಡು ಮಾರ್ಕು. ಇವಳು ಬಲ = ರಾಶಿ × ವೇಗೋತ್ಕರ್ಷ ಅಂತ ಬರೆದು, 1.5 × 9.8 = 14.7 ನ್ಯೂಟನ್ ಅಂತ ಹಾಕಿ, ಕೆಳಗೆ ಎರಡು ಗೆರೆ ಎಳೆದು, ಎರಡಕ್ಕೆ ಎರಡು ಮಾರ್ಕು ತಗೊಂಡಿದ್ಲು.

ಮಾರ್ಕು ಬಂದಿದೆಯಲ್ಲ ಇನ್ನೇನು ಅಂದೆ. ಅದಕ್ಕೆ ಅವಳು, "ಮಾಮ, ಮೇಷ್ಟ್ರು ಹೇಳಿದ್ರು 1 ಕೆಜಿ ಕೈಯಲ್ಲಿ ಹಿಡ್ಕೊಂಡ್ರೆ 9.8 ನ್ಯೂಟನ್ ಅಂತ. ಹಾಗಾದ್ರೆ ಈ ಕಾಯಿನ ಸುಮ್ನೆ ಕೈಯಲ್ಲಿ ಹಿಡ್ಕೊಂಡು ನಿಂತ್ರೂ 14.7 ಅಲ್ವಾ? 15 ಮೀಟರ್ ಮೇಲಿಂದ ತಲೆ ಮೇಲೆ ಬಿದ್ರೂ ಅಷ್ಟೇನಾ? ಹಾಗಿದ್ರೆ ತಾತ ಯಾಕೆ ಯಾವಾಗ್ಲೂ ಮರದ ಕೆಳಗೆ ನಿಂತ್ಕೋಬೇಡ ಅಂತ ಬೈತಾರೆ?" ಅಂದ್ಲು.

ನಿಜ ಹೇಳ್ತೀನಿ, ಫುಲ್ ಮಾರ್ಕ್ಸ್ ಬಂದ ಉತ್ತರದ ಮೇಲೆ ಅನುಮಾನ ಪಡೋ ಬುದ್ಧಿ ಆ ವಯಸ್ಸಲ್ಲಿ ನನಗಂತೂ ಇರ್ಲಿಲ್ಲ. ನಾನು ಬಿಇ ಮೆಕ್ಯಾನಿಕಲ್ ಮುಗಿಸಿ ಈಗ ಮಾಡ್ತಿರೋದು ಸಾಫ್ಟ್‌ವೇರ್ ಟೆಸ್ಟಿಂಗು, ಫಿಸಿಕ್ಸ್ ಮುಟ್ಟಿ ಹದಿನೈದು ವರ್ಷದ ಮೇಲಾಯ್ತು, ಆದ್ರೂ ಆ ಪ್ರಶ್ನೆ ಕೇಳಿದ ತಕ್ಷಣ ಎಲ್ಲಿ ಎಡವಟ್ಟಾಗಿದೆ ಅಂತ ಗೊತ್ತಾಯ್ತು, ಯಾಕಂದ್ರೆ ಪಿಯುಸಿಯಲ್ಲಿ ನಾನೂ ಸರಿಯಾಗಿ ಇದೇ ಗುಂಡಿಗೆ ಬಿದ್ದಿದ್ದೆ. (10ನೇವರೆಗೆ ಕನ್ನಡ ಮೀಡಿಯಂ ನಾನು. ಪಿಯುಸಿಯಲ್ಲಿ ಲೆಕ್ಚರರ್ ಆಕ್ಸಿಲರೇಷನ್ ಆಕ್ಸಿಲರೇಷನ್ ಅಂತ ಒಂದು ವಾರ ಹೇಳಿದ್ಮೇಲೆ, ಅಯ್ಯೋ ಇದು ನಮ್ಮ ವೇಗೋತ್ಕರ್ಷ ಅಲ್ವಾ ಅಂತ ಹೊಳೆದಿದ್ದು. ಆ ಪದ ಉಚ್ಚಾರ ಮಾಡೋಕೆ ಕಷ್ಟ ನಿಜ, ಆದ್ರೆ ಒಳಗಿರೋ ಅರ್ಥ ಅದೇ ಹೇಳುತ್ತೆ, ಇಂಗ್ಲಿಷ್ ಪದ ಹೇಳಲ್ಲ.)

ಎಡವಟ್ಟು ಏನಂದ್ರೆ, ಎಫ್ = ಎಂ ಎ (ಅದೇ ಬಲ = ರಾಶಿ × ವೇಗೋತ್ಕರ್ಷ) ಅಂದ ತಕ್ಷಣ ಎಲ್ಲರ ಕೈನೂ ತಾನೇ ತಾನಾಗಿ ಎ ಜಾಗಕ್ಕೆ 9.8 ತುಂಬಿಬಿಡುತ್ತೆ. ಆ 9.8, ಅಂದ್ರೆ ಭೂಮಿ ಎಳೆತದಿಂದ ಬರೋ ವೇಗೋತ್ಕರ್ಷ, ಕಾಯಿ ಗಾಳಿಯಲ್ಲಿ ಇರೋವಾಗಿನ ಕಥೆ. ಆಗ ಅದರ ಮೇಲೆ ಇರೋದು ಭೂಮಿ ಎಳೆಯೋ 14.7 ನ್ಯೂಟನ್ ಮಾತ್ರ, ಸರಿ. ನೆಲಕ್ಕೆ ತಾಗಿದ ಕ್ಷಣದಿಂದ ಬೇರೆ ಕಥೆ ಶುರು, ಅಲ್ಲಿ ಎ ಬೇರೆ, ದಿಕ್ಕೂ ಬೇರೆ. ಮೇಲಿಂದ ಬರ್ತಾ ಬರ್ತಾ ಸೇರಿಸ್ಕೊಂಡ ಅಷ್ಟೂ ವೇಗನ ಒಂದು ಚೂರು ಜಾಗದಲ್ಲಿ, ಕಣ್ಣು ಮಿಟುಕಿಸೋದ್ರೊಳಗೆ ಕಳ್ಕೋಬೇಕು. ನಮಗೆ ಪೆಟ್ಟು ಅಂತ ಗೊತ್ತಾಗೋದು ಈ ಎರಡನೇ ಎ. ಆ ಪ್ರಶ್ನೆಯಲ್ಲಿ ಅದನ್ನ ಕೊಟ್ಟೇ ಇಲ್ಲ! ಕಾಯಿ ಎಷ್ಟು ಹೊತ್ತಲ್ಲಿ ಅಥವಾ ಎಷ್ಟು ದೂರದಲ್ಲಿ ನಿಲ್ತು ಅಂತ ಹೇಳದೆ ಎಷ್ಟು ಬಲದಿಂದ ಅಪ್ಪಳಿಸುತ್ತೆ ಅಂತ ಕೇಳಿದ್ರೆ, ಬಸ್ಸು ಬೆಳಿಗ್ಗೆ 6ಕ್ಕೆ ಬಿಡ್ತು, ಎಷ್ಟು ಹೊತ್ತಿಗೆ ತಲುಪುತ್ತೆ ಅಂತ ಕೇಳಿದ ಹಾಗೆ. ಎಲ್ಲಿಗೆ ಅಂತ ಹೇಳು ಮಾರಾಯ ಮೊದ್ಲು.

ಇದನ್ನ ಬಾಯಲ್ಲಿ ಹೇಳಿದ್ರೆ ತಲೆ ಆಡಿಸಿ ಮರೆತುಬಿಡ್ತಾಳೆ ಅಂತ, ಸ್ಕೇಲ್ ತಗೊಂಡು ಬಾ ಅಂದು ತೋಟಕ್ಕೆ ಕರ್ಕೊಂಡು ಹೋದೆ.

ಹಿಂದಿನ ದಿನ ರಾತ್ರಿ ಚೆನ್ನಾಗಿ ಮಳೆ ಬಂದಿತ್ತು, ನೆಲ ಒದ್ದೆ. ಉದುರಿದ ಕಾಯಿ ಅಲ್ಲಲ್ಲಿ ಬಿದ್ದಿದ್ವು. ಮನೆ ಹಿಂದಿನ ಹಳೇ ಮರದ ಕೆಳಗೆ ಒಂದು ಕಾಯಿ ಬಿದ್ದು, ಒಂದು ಗೇಣು ಪಕ್ಕಕ್ಕೆ ಉರುಳಿ ನಿಂತಿತ್ತು, ಬಿದ್ದ ಜಾಗದಲ್ಲಿ ಬೋಗುಣಿ ಥರ ನುಣ್ಣಗೆ ಒಂದು ಕುಣಿ, ತಳದಲ್ಲಿ ಸ್ವಲ್ಪ ನೀರು ನಿಂತಿತ್ತು. ಅವಳ ಜಾಮೆಟ್ರಿ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲ್ ಅದರೊಳಗೆ ನಿಲ್ಲಿಸಿ, ಅಂಚಿಗೆ ಒಂದು ಗರಿಕಡ್ಡಿ ಅಡ್ಡ ಇಟ್ಟು ನೋಡಿದ್ವಿ. 5 ಸೆಂಟಿಮೀಟರ್, ಒಂದೆರಡು ಮಿಲಿಮೀಟರ್ ಆಚೆ ಈಚೆ. ಮರದ ಎತ್ತರಕ್ಕೆ ಒಂದು ಮೀಟರ್ ಕೋಲು ನೆಟ್ವಿ, ಹನ್ನೊಂದು ಗಂಟೆ ಬಿಸಿಲಿಗೆ ಕೋಲಿನ ನೆರಳು 60 ಸೆಂಟಿಮೀಟರ್, ಮರದ ನೆರಳು ಹೆಜ್ಜೆ ಹಾಕಿ ಆಮೇಲೆ ಟೇಪಲ್ಲಿ ಅಳೆದ್ರೆ ಸುಮಾರು 9 ಮೀಟರ್. ಅಂದ್ರೆ ಮರ 15 ಮೀಟರ್. ಕಾಕತಾಳೀಯ ಅನ್ನಿ, ಟೆಸ್ಟ್ ಪೇಪರಿನ ಮರಾನೇ ಸಿಕ್ಕಿತ್ತು. ಕಾಯಿನ ಅಡುಗೆಮನೆ ತಕ್ಕಡಿಗೆ ಇಟ್ರೆ 1 ಕೆಜಿ 480 ಗ್ರಾಂ, 1.5 ಅಂತ ಇಟ್ಕೊಂಡ್ವಿ.

ಈಗ ಲೆಕ್ಕ. 15 ಮೀಟರ್ ಬಿದ್ದ ಮೇಲೆ ವೇಗ ಎಷ್ಟು? ವೇಗದ ವರ್ಗ = 2 × 9.8 × 15 = 294, ವರ್ಗಮೂಲ ತೆಗೆದ್ರೆ ಸೆಕೆಂಡಿಗೆ 17 ಮೀಟರ್ ಚಿಲ್ಲರೆ. ಗಂಟೆಗೆ 62 ಕಿಲೋಮೀಟರ್ ಹತ್ತಿರ. (ಗಾಳಿ ಸ್ವಲ್ಪ ತಡೆಯುತ್ತೆ, ಬಿಡಿ, ಕಾಯಿಗೆ ಅದು ಜಾಸ್ತಿ ಅಲ್ಲ.) ಈ 17 ಮೀಟರ್ ವೇಗ ಸೊನ್ನೆ ಆಗಿದ್ದು 5 ಸೆಂಟಿಮೀಟರ್ ಒಳಗೆ. ಅದೇ ಸೂತ್ರ ತಿರುಗಿಸಿ ಹಾಕಿದ್ರೆ ಎ = 294 ÷ (2 × 0.05) = 2940. ಒಂದು ಸಲ ಅಲ್ಲ ಎರಡು ಸಲ ಮಾಡಿದ್ಲು, ತಪ್ಪಾಗಿದೆ ಅಂದ್ಕೊಂಡು. 9.8 ಅಲ್ಲ, 2940! ಅದನ್ನ 1.5ಕ್ಕೆ ಗುಣಿಸಿದ್ರೆ 4410 ನ್ಯೂಟನ್. ಕಾಯಿ ಭಾರದ 14.7 ಕೂಡ ನೆಲಾನೇ ಹೊರಬೇಕು, ಸೇರಿಸಿದ್ರೆ 4425, ಆ 14.7 ಸೇರಿಸಿದ್ರೂ ಬಿಟ್ರೂ ವ್ಯತ್ಯಾಸ ಗೊತ್ತಾಗಲ್ಲ. ಅಂದ್ರೆ ಆ ಕುಣಿ ಆಗೋ ಅಷ್ಟು ಹೊತ್ತು, ನೆಲದ ಮೇಲೆ 450 ಕೆಜಿ ಇಟ್ಟ ಹಾಗೆ. ಪೇಪರಲ್ಲಿ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದಕ್ಕಿಂತ ಮುನ್ನೂರು ಪಟ್ಟು.

ಆ ಮುನ್ನೂರು ಎಲ್ಲಿಂದ ಬಂತು ಅಂತ ನೋಡಿದ್ರೆ ನನಗೆ ಈಗ್ಲೂ ಖುಷಿ ಆಗುತ್ತೆ. 15 ಮೀಟರ್ ಬಿತ್ತು, 5 ಸೆಂಟಿಮೀಟರಲ್ಲಿ ನಿಲ್ತು. 15 ÷ 0.05 = 300. ಅಷ್ಟೇ! ವರ್ಗಮೂಲ ಬೇಡ, ಕ್ಯಾಲ್ಕುಲೇಟರ್ ಬೇಡ. ಬಿದ್ದ ಎತ್ತರನ ನಿಂತ ದೂರದಿಂದ ಭಾಗಿಸಿ, ಅಷ್ಟು ಪಟ್ಟು ತೂಕ, ಮೇಲೆ ಒಂದು ತನ್ನ ಸ್ವಂತ ತೂಕ. ಮಧ್ಯದಲ್ಲಿ ಬರೋ ವೇಗನೆಲ್ಲ ಬರೆದು ಹೊಡೆದು ಹಾಕಿದ್ರೆ ಕೊನೆಗೆ ಉಳಿಯೋದು ಇದೇ. ಇದನ್ನ ನಮಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ, ಎಂಜಿನಿಯರಿಂಗ್ ಮೂರನೇ ಸೆಮ್‌ನಲ್ಲಿ ಒಂದು ಲ್ಯಾಬ್ ವೈವಾಗೆ ಓದೋವಾಗ ತಾನಾಗೇ ಕಂಡಿದ್ದು.

ಪಕ್ಕದಲ್ಲೇ ಸಗಣಿ ತಿಪ್ಪೆ ಅಂಚಲ್ಲಿ ಇನ್ನೊಂದು ಕಾಯಿ ಬಿದ್ದಿತ್ತು, ಅದರ ಕುಣಿ ಸ್ಕೇಲ್ ಪೂರ್ತಿ ಮುಳುಗೋವಷ್ಟು, ಅಂದ್ರೆ 15 ಸೆಂಟಿಮೀಟರ್. ಅದೇ ಎತ್ತರ, ಹೆಚ್ಚುಕಮ್ಮಿ ಅದೇ ತೂಕ, ಆದ್ರೆ 15 ÷ 0.15 = 100 ಪಟ್ಟು, 1500 ನ್ಯೂಟನ್ ಒಳಗೇ ಮುಗೀತು. ಅವಳಿಗೆ ಆಗ ಗೊತ್ತಾಯ್ತು, ಎಷ್ಟು ಫೋರ್ಸು ಅನ್ನೋದಕ್ಕೆ ಅರ್ಧ ಉತ್ತರ ನೆಲದಲ್ಲಿದೆ, ಬರೀ ಕಾಯಿ ನೋಡಿ ಹೇಳೋಕಾಗಲ್ಲ ಅಂತ.

ಅಪ್ಪ ಜಗಲಿ ಮೇಲೆ ಕೂತು ಇದನ್ನೆಲ್ಲ ನೋಡ್ತಾನೇ ಇದ್ರು. "ಕಾಯಿ ಬಿದ್ರೆ ತಲೆ ಒಡೆಯುತ್ತೆ ಅನ್ನೋಕೆ ಇಷ್ಟೆಲ್ಲ ಲೆಕ್ಕ ಬೇಕೇನೋ? ಕೊಟ್ಟಿಗೆ ಶೀಟ್ ನೋಡು ಸಾಕು" ಅಂದ್ರು. ಅದೂ ಸರಿನೇ, ಕೊಟ್ಟಿಗೆ ಮೇಲಿನ ಸಿಮೆಂಟ್ ಶೀಟ್ ಎರಡು ಕಡೆ ತೂತಾಗಿದೆ, ಪಕ್ಕದ ಜಿಂಕ್ ಶೀಟ್ ಬರೀ ತಗ್ಗಾಗಿದೆ, ಬಗ್ಗಿ ಜಾಗ ಕೊಟ್ಟಿದ್ದು ಉಳ್ಕೊಂಡಿದೆ, ಬಗ್ಗದೇ ಇದ್ದಿದ್ದು ಹೋಗಿದೆ. ಆದ್ರೆ ಅಪ್ಪ ಅಷ್ಟಕ್ಕೇ ಬಿಡಲಿಲ್ಲ. "ಸರಿ ಕಣಪ್ಪ ಎಂಜಿನಿಯರ್ರೇ, ಅಷ್ಟು ಮೇಲಿಂದ 450 ಕೆಜಿ ಪೆಟ್ಟು ಬಿದ್ರೂ ಕಾಯಿ ಒಡೀಲಿಲ್ಲ. ನಾನು ಗುಡಿ ಮುಂದೆ ಈಡುಗಾಯಿ ಹಾಕಿದ್ರೆ ಚೂರು ಚೂರು. ನನ್ನ ಕೈ ಮರಕ್ಕಿಂತ ಎತ್ತರಾನಾ?"

ಒಳ್ಳೇ ಪ್ರಶ್ನೆ. ಒಂದು ನಿಮಿಷ ನಾನೂ ಸುಮ್ಮನಾದೆ. ಇದಕ್ಕೆ ಆಮೇಲೆ ಬರ್ತೀನಿ, ಮೊದ್ಲು ಆ 4410ರ ವಿಷಯ ಮುಗಿಸಬೇಕು, ಯಾಕಂದ್ರೆ ಪುಟ್ಟಿ ಅಲ್ಲೇ ಇನ್ನೊಂದು ಕೇಳಿದ್ಲು. "ಮಾಮ, 4410 ಅಂದ್ರಲ್ಲ, ತಾಗಿದ ತಕ್ಷಣ 4410, ನಿಲ್ಲೋವರೆಗೂ 4410ಏನಾ?"

ಅಲ್ಲ. ಮೊದಲು ತಾಗಿದಾಗ ಮಣ್ಣು ಸಡಿಲ, ಬಲ ಕಮ್ಮಿ. ಒಳಗೆ ಹೋಗ್ತಾ ಮಣ್ಣು ಒತ್ತೊತ್ತಾಗಿ ಗಟ್ಟಿಯಾಗುತ್ತೆ, ಬಲ ಏರುತ್ತೆ, ಆಮೇಲೆ ಇಳಿಯುತ್ತೆ. ಗ್ರಾಫ್ ಹಾಕಿದ್ರೆ ಒಂದು ಗುಡ್ಡ. ನಾವು ಲೆಕ್ಕ ಹಾಕಿದ್ದು ಆ ಗುಡ್ಡನ ಮಟ್ಟ ಮಾಡಿ ಸಪಾಟು ಗದ್ದೆ ಮಾಡಿದ್ರೆ ಎಷ್ಟು ಎತ್ತರ ಬರುತ್ತೆ ಅಂತ, ಅಂದ್ರೆ ಸರಾಸರಿ. ನೆತ್ತಿ ಅದಕ್ಕಿಂತ ಮೇಲೇ ಇರುತ್ತೆ. ಗುಡ್ಡ ತ್ರಿಕೋನದ ಥರ ಇದ್ರೆ ನೆತ್ತಿ ಸರಾಸರಿಯ ಸರಿಯಾಗಿ ಎರಡರಷ್ಟು.

ಇದನ್ನ ತೋರಿಸೋಕೆ ನನ್ನ ಫೋನನ್ನೇ ಬೀಳಿಸಿದ್ವಿ. ಫೈಫಾಕ್ಸ್ ಅಂತ ಒಂದು ಆಪ್ ಇದೆ, ಜರ್ಮನಿಯ ಆಕೆನ್ ಯೂನಿವರ್ಸಿಟಿಯವರು ಮಾಡಿದ್ದು, ದುಡ್ಡಿಲ್ಲ ಜಾಹೀರಾತಿಲ್ಲ, ಫೋನೊಳಗಿನ ಸೆನ್ಸರ್‌ಗಳು ಏನು ಓದ್ತಿದಾವೆ ಅಂತ ಹಾಗೇ ಗ್ರಾಫಲ್ಲಿ ತೋರಿಸುತ್ತೆ. ಮಂಚದ ಮೇಲೆ ಎರಡು ದಿಂಬು ಒಂದರ ಮೇಲೊಂದು ಇಟ್ಟು, ಒಂದಡಿ ಮೇಲಿಂದ ಫೋನ್ ಮಟ್ಟಸವಾಗಿ ಬಿಟ್ವಿ. ಕೈಯಲ್ಲಿ ಇರೋವಾಗ ಗೆರೆ 9.8ರಲ್ಲಿ ನೆಟ್ಟಗೆ ಓಡ್ತಿತ್ತು. ಬಿಟ್ಟ ತಕ್ಷಣ ಕಾಲು ಸೆಕೆಂಡ್ ಸೊನ್ನೆ ಹತ್ತಿರಕ್ಕೆ ಇಳೀತು. ಪುಟ್ಟಿಗೆ ಇದು ದೊಡ್ಡ ಶಾಕು, ಬೀಳ್ತಿರೋವಾಗ 9.8 ತೋರಿಸ್ಬೇಕು, ಕೈಯಲ್ಲಿ ಇರೋವಾಗ ಸೊನ್ನೆ ತೋರಿಸ್ಬೇಕು, ಉಲ್ಟಾ ಇದೆಯಲ್ಲ ಅಂತ. ಆ ಸೆನ್ಸರ್ ಓದೋದು ಫೋನನ್ನ ಯಾರಾದ್ರೂ ತಳ್ತಿದಾರಾ ಅನ್ನೋದನ್ನ. ಕೈಯಲ್ಲಿದ್ರೆ ಕೈ ಮೇಲಕ್ಕೆ ತಳ್ತಿರುತ್ತೆ, ಗಾಳಿಯಲ್ಲಿ ತಳ್ಳೋರು ಯಾರೂ ಇಲ್ಲ. ಲಿಫ್ಟ್ ಕೆಳಗೆ ಹೊರಟ ತಕ್ಷಣ ಹೊಟ್ಟೆ ಹಗುರ ಅನ್ಸುತ್ತಲ್ಲ, ಅದೇ.

ದಿಂಬಿಗೆ ತಾಗಿದ ಮೇಲೆ ಗುಡ್ಡ ಬಂತು, ನೆತ್ತಿ 70 ದಾಟಿ. ದಿಂಬು ಕುಸಿದಿದ್ದು ಕಣ್ಣಂದಾಜಲ್ಲಿ 8 ಸೆಂಟಿಮೀಟರ್. ನಮ್ಮ ಶಾರ್ಟ್‌ಕಟ್ ಹಾಕಿದ್ರೆ 30 ÷ 8 = 3.75, ಜೊತೆಗೆ ಸ್ವಂತದ್ದು 1, ಒಟ್ಟು 4.75 ಪಟ್ಟು, ಅಂದ್ರೆ 47 ಹತ್ತಿರ. ನೆತ್ತಿ 70ರ ಮೇಲೆ, ಸರಾಸರಿ 47. ಫೋನ್ ತೂಕ 200 ಗ್ರಾಂ, 0.2 × 47, ದಿಂಬು ಕೊಟ್ಟ ಸರಾಸರಿ ಬಲ 9 ನ್ಯೂಟನ್ ಚಿಲ್ಲರೆ. ಸೆಕೆಂಡಿಗೆ ನೂರು ಸಲ ಓದೋ ಸೆನ್ಸರ್‌ಗೆ ಆ ಗುಡ್ಡದ ಏರಿಕೆಯಲ್ಲಿ ಸಿಕ್ಕಿದ್ದು ಆರೋ ಏಳೋ ಚುಕ್ಕೆ ಅಷ್ಟೇ. ಆಮೇಲೆ ದಿಂಬು ತೆಗೆದು ಮಡಚಿದ ಜಮಖಾನದ ಮೇಲೆ ಬಿಟ್ಟಾಗ ಗುಡ್ಡದ ತಲೆನೇ ಕತ್ತರಿಸಿದ ಹಾಗೆ 78ರಲ್ಲಿ ಚಪ್ಪಟೆ ಆಗೋಯ್ತು. ನನ್ನ ಫೋನಿನ ಸೆನ್ಸರ್ ಅಳೆಯೋದೇ 8 ಜಿ, ಅಂದ್ರೆ 9.8ರ ಎಂಟು ಪಟ್ಟಿನವರೆಗೆ, ಮೇಲಿಂದು ಅದಕ್ಕೆ ಕಾಣಲ್ಲ. ಬರೀ ನೆಲದ ಮೇಲೂ ಬಿಡೋಣ ಮಾಮ ಅಂದ್ಲು. ಇಎಂಐ ಇನ್ನೂ ಮುಗಿದಿಲ್ಲ ಕಣೆ ಅಂದೆ.

ಸಮಯ ಗೊತ್ತಿದ್ರೆ ದೂರ ಬೇಕಾಗಿಲ್ಲ, ಇದನ್ನೂ ಅಲ್ಲೇ ಮಾಡಿದ್ವಿ. ವೇಗ ಎಷ್ಟು ಬದಲಾಯ್ತು ಅನ್ನೋದನ್ನ ಎಷ್ಟು ಸೆಕೆಂಡಲ್ಲಿ ಬದಲಾಯ್ತು ಅನ್ನೋದ್ರಿಂದ ಭಾಗಿಸಿದ್ರೆ ಸರಾಸರಿ ವೇಗೋತ್ಕರ್ಷ, ಅದನ್ನ ರಾಶಿಗೆ ಗುಣಿಸಿದ್ರೆ ಸರಾಸರಿ ಬಲ. ಎಲ್ಲ ಪುಸ್ತಕದಲ್ಲೂ ಇರೋದು ಇದೇ. ನ್ಯೂಟನ್ 1687ರ ಪ್ರಿನ್ಸಿಪಿಯಾ ಅನ್ನೋ ಪುಸ್ತಕದಲ್ಲಿ ಎರಡನೇ ನಿಯಮ ಬರೆದಾಗ ಎಫ್ = ಎಂ ಎ ಅಂತ ಬರೆದೇ ಇಲ್ಲ, ಬಲ ಬಿದ್ರೆ ಚಲನೆ ಎಷ್ಟು ಬದಲಾಗುತ್ತೆ ಅಂತ ಹೇಳಿದ್ದು, ಅವರ ಚಲನೆ ಅಂದ್ರೆ ನಮ್ಮ ಪುಸ್ತಕದ ಸಂವೇಗ, ರಾಶಿ ಗುಣಿಸು ವೇಗ. ನಾವು ಬಾಯಿಪಾಠ ಮಾಡೋ ರೂಪಕ್ಕೆ ಅದನ್ನ ತಂದಿದ್ದು ಆಯ್ಲರ್ ಅನ್ನೋ ಗಣಿತಜ್ಞ, 1750ರ ಹೊತ್ತಿಗೆ. ಪೆಟ್ಟಿನ ಲೆಕ್ಕಕ್ಕೆ ನನಗೆ ಹಳೇ ರೂಪಾನೇ ಇಷ್ಟ, ಅದರಲ್ಲಿ ಎ ಜಾಗಕ್ಕೆ ಕಣ್ಣು ಮುಚ್ಚಿ 9.8 ತುಂಬೋ ಅವಕಾಶಾನೇ ಇರಲ್ಲ.

ಬಸ್ಸಿನ ಲೆಕ್ಕ ಮಾಡಿದ್ವಿ. 60 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಿರೋ ಬಸ್ಸು, ಅಂದ್ರೆ ಸೆಕೆಂಡಿಗೆ 16.7 ಮೀಟರ್. ಡ್ರೈವರ್ ಎಮ್ಮೆ ಅಡ್ಡ ಬಂತು ಅಂತ 6 ಸೆಕೆಂಡಲ್ಲಿ ನಿಲ್ಲಿಸಿದ್ರೆ ವೇಗೋತ್ಕರ್ಷ 2.8, ನಿಂತಿರೋ 60 ಕೆಜಿ ಮನುಷ್ಯನನ್ನ ತಡೆಯೋಕೆ 167 ನ್ಯೂಟನ್, ಕಂಬಿ ಗಟ್ಟಿಯಾಗಿ ಹಿಡ್ಕೊಂಡ್ರೆ ಮುಗೀತು, 17 ಕೆಜಿ ಎಳೆದ ಹಾಗೆ. ಅದೇ ಸ್ಪೀಡಲ್ಲಿ ಕಾರು ಮರಕ್ಕೆ ಗುದ್ದಿ 0.1 ಸೆಕೆಂಡಲ್ಲಿ ನಿಂತ್ರೆ 10,000 ನ್ಯೂಟನ್. ಒಂದು ಟನ್. ಮನುಷ್ಯ ಅದೇ, ಸ್ಪೀಡ್ ಅದೇ, ಬದಲಾಗಿದ್ದು ಹೊತ್ತು ಮಾತ್ರ.

ಈ ಲೆಕ್ಕ ಮಾಡೋವಾಗ ನನಗೆ ಇನ್ನೊಂದು ತಲೆಗೆ ಬಂದು ಹೊಟ್ಟೆ ತೊಳೆಸಿದ ಹಾಗಾಯ್ತು. ನಮ್ಮ ಮನೆಗಳಲ್ಲಿ ಕಾರಿನ ಮುಂದಿನ ಸೀಟಲ್ಲಿ ಮಗುನ ತೊಡೆ ಮೇಲೆ ಕೂರಿಸ್ಕೋತಾರೆ, ಬೆಲ್ಟ್ ಹಾಕಿ ಹಿಂದೆ ಕೂರಿಸಿ ಅಂದ್ರೆ "ನಾನು ಗಟ್ಟಿಯಾಗಿ ಹಿಡ್ಕೊಂಡಿದೀನಿ ಬಿಡಪ್ಪ" ಅಂತಾರೆ. 15 ಕೆಜಿ ಮಗು, 16.7 ಮೀಟರ್ ವೇಗ, 0.1 ಸೆಕೆಂಡು. 15 × 16.7 ÷ 0.1 = 2500 ನ್ಯೂಟನ್. 250 ಕೆಜಿ ಮೇಲೆ. ಎರಡೂವರೆ ಕ್ವಿಂಟಲ್ ಕೊಬ್ಬರಿ ಮೂಟೆನ ಒಂದೇ ಸಲ ತೋಳಲ್ಲಿ ತಡೆಯೋ ಅಮ್ಮ ಯಾವೂರಲ್ಲೂ ಇಲ್ಲ. ನಮ್ಮಕ್ಕ ಕೂಡ ಹೀಗೇ ಮಾಡ್ತಿದ್ಲು, ಇದೇ ಪುಟ್ಟಿ ಚಿಕ್ಕವಳಿದ್ದಾಗ, ನಾನೇ ಡ್ರೈವ್ ಮಾಡ್ತಿದ್ದೆ, ನಾನೂ ಏನೂ ಅಂದಿರ್ಲಿಲ್ಲ. ಎಫ್ = ಎಂ ಎ ಬಾಯಿಪಾಠ ಇತ್ತು ಆಗ್ಲೂ.

ಹೆಲ್ಮೆಟ್‌ದೂ ಇದೇ ಕಥೆ, ಒಳಗಿರೋ ಥರ್ಮೋಕೋಲೇ ಅದರ ಜೀವ, ಹೊರಗಿನ ಗಟ್ಟಿ ಚಿಪ್ಪಲ್ಲ. ನಿಂತ ಎತ್ತರದಿಂದ, 1.75 ಮೀಟರ್ ಅನ್ನಿ, ತಲೆ ರೋಡಿಗೆ ಬಡಿದ್ರೆ ಬರೀ ತಲೆಗೆ ಚರ್ಮದ ಮೂರು ಮಿಲಿಮೀಟರ್ ಬಿಟ್ರೆ ಜಾಗ ಇಲ್ಲ, 1.75 ÷ 0.003 ಮಾಡ್ಕೊಳ್ಳಿ, ಹತ್ತಿರ ಹತ್ತಿರ 580 ಪಟ್ಟು. ಥರ್ಮೋಕೋಲ್ ಎರಡೂವರೆ ಸೆಂಟಿಮೀಟರ್ ಕುಸಿದ್ರೆ 70 ಪಟ್ಟು. ಸಿಗ್ನಲಲ್ಲಿ ಪೊಲೀಸರಿಗೆ ತೋರಿಸೋಕೆ ಅಂತ ಹಾಕೋ ಆ ಅರ್ಧ ಟೋಪಿ ಇದೆಯಲ್ಲ, ಅದರೊಳಗೆ ಬೆರಳು ಹಾಕಿ ನೋಡಿ, ಕುಸಿಯೋಕೆ ಏನಿದೆ ಅಂತ.

ಕ್ರಿಕೆಟ್ ಬಾಲ್ ಹಿಡಿಯೋವಾಗ ಕೈ ಹಿಂದಕ್ಕೆ ಎಳ್ಕೋಬೇಕು ಅನ್ನೋದು 9ನೇ ಕ್ಲಾಸಿನ ಪುಸ್ತಕದಲ್ಲೇ ಇದೆ, ಅದು ಎಲ್ಲರಿಗೂ ಬಾಯಿಪಾಠ. ನಂಬರ್ ಹಾಕು ಅಂದ್ರೆ ಮಾತ್ರ ಯಾರೂ ಹಾಕಲ್ಲ. 160 ಗ್ರಾಂ ಬಾಲ್, ಸೆಕೆಂಡಿಗೆ 30 ಮೀಟರ್. ಕೈ 20 ಸೆಂಟಿಮೀಟರ್ ಹಿಂದೆ ಬಂದ್ರೆ 360 ನ್ಯೂಟನ್, 2 ಸೆಂಟಿಮೀಟರ್ ಬಂದ್ರೆ 3600. ದ್ರಾವಿಡ್ ಟೆಸ್ಟಲ್ಲಿ 210 ಕ್ಯಾಚ್ ಹಿಡಿದಿದ್ದು ಈ ಎರಡು ನಂಬರಲ್ಲಿ ಯಾವುದು ಅಂತ ಬೆರಳಿಗೆ ಗೊತ್ತಿದ್ದಿದ್ದಕ್ಕೇ.

ಈಗ ಅಪ್ಪನ ಪ್ರಶ್ನೆ.

ಆಯುಧಪೂಜೆ ದಿನ ಟ್ರ್ಯಾಕ್ಟರ್ ತೊಳೆದು, ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಆಂಜನೇಯನ ಗುಡಿಗೆ ಹೋದ್ವಿ. ಪುಟ್ಟಿ ಆ ಒಂದು ಮೀಟರ್ ಕೋಲು ಬಿಟ್ಟೇ ಇರ್ಲಿಲ್ಲ, ಈಡುಗಾಯಿ ಕಲ್ಲಿನ ಪಕ್ಕ ನಿಲ್ಲಿಸಿ ಹಿಡ್ಕೊಂಡು ಕೂತ್ಲು. ಕಾಯಿ ಸುಲಿದಿದ್ದು, ಮನೇಲೇ ತೂಕ ಹಾಕ್ಕೊಂಡು ಬಂದಿದ್ವಿ, 600 ಗ್ರಾಂ. ನಾನು ಸ್ಲೋ ಮೋಷನ್ ಇಟ್ಟೆ, ಸೆಕೆಂಡಿಗೆ 240 ಫ್ರೇಮ್. ಅಪ್ಪ ಎರಡೂ ಕೈಯಲ್ಲಿ ತಲೆ ಮೇಲೆ ಎತ್ತಿ, ಏನೋ ಗೊಣಗಿ, ಬೀಸಿ ಹೊಡೆದ್ರು. ಠಪ್ ಅಂತ ಒಂದೇ ಸದ್ದು, ನೀರು ನನ್ನ ಫೋನಿಗೂ ಹಾರ್ತು, ಕಾಯ್ಕೊಂಡು ನಿಂತಿದ್ದ ಹುಡುಗರು ಚೂರಿಗೆ ಮುಗಿಬಿದ್ರು.

ಗುಡಿ ಕಟ್ಟೆ ಮೇಲೆ ಕೂತು ಫ್ರೇಮ್ ಎಣಿಸಿದ್ವಿ. ಕೋಲಿನ ಮೇಲ್ತುದಿಯಿಂದ ಕಲ್ಲಿನವರೆಗೆ 22 ಫ್ರೇಮ್. 240 ÷ 22, ಸೆಕೆಂಡಿಗೆ 11 ಮೀಟರ್ ಹತ್ತಿರ. ಮರದಿಂದ ಬಿದ್ದಿದ್ದು 17 ಮೀಟರ್ ವೇಗ, ತೂಕ ಎರಡೂವರೆ ಪಟ್ಟು. ಸಂವೇಗ ನೋಡಿದ್ರೆ ಅಲ್ಲಿ 25ರ ಮೇಲೆ, ಇಲ್ಲಿ 6.6. ಶಕ್ತಿ ನೋಡಿದ್ರೆ ಅಲ್ಲಿ 220 ಜೂಲ್, ಇಲ್ಲಿ 36. ಯಾವ ಕಡೆಯಿಂದ ನೋಡಿದ್ರೂ ಅಪ್ಪನ ಏಟು ಮರದ ಮುಂದೆ ಸಣ್ಣದು. ಆದ್ರೂ ಒಡೆದಿದ್ದು ಇದೇ.

ವಿಡಿಯೋದಲ್ಲಿ ಒಂದು ಫ್ರೇಮಲ್ಲಿ ಕಾಯಿ ಕಲ್ಲಿಗೆ ಇನ್ನೂ ತಾಗಿಲ್ಲ, ಇಡೀ ಕಾಯಿ. ಮುಂದಿನ ಫ್ರೇಮಲ್ಲಿ ನಾಲ್ಕು ಹೋಳು, ಮಧ್ಯದಲ್ಲಿ ನೀರಿನ ಹಾಳೆ ಬಿಚ್ಕೊಂಡಿದೆ. ಆಗಿದ್ದೆಲ್ಲ ಆ ಎರಡು ಫ್ರೇಮಿನ ಮಧ್ಯೆ, ಅಂದ್ರೆ 1/240 ಸೆಕೆಂಡು, 4 ಮಿಲಿಸೆಕೆಂಡ್ ಚಿಲ್ಲರೆ ಒಳಗೆ. ಪೂರ್ತಿ 4 ಮಿಲಿಸೆಕೆಂಡ್ ತಗೊಂಡಿದೆ ಅಂತಾನೇ ಇಟ್ಕೊಂಡ್ರೂ 0.6 × 11 ÷ 0.004 = 1650 ನ್ಯೂಟನ್. ಇದು ಕಮ್ಮಿ ಅಂದ್ರೆ. ಒಂದು ಮಿಲಿಸೆಕೆಂಡ್ ಅಂತ ಇಟ್ರೆ 6600. ಕಲ್ಲೂ ಬಗ್ಗಲ್ಲ, ಚಿಪ್ಪೂ ಬಗ್ಗಲ್ಲ, ಹಾಗಾಗಿ ನಿಜ ಇರೋದು ಆ ಕಡೆಗೇ, ಅಷ್ಟು ಬಲ ಏರೋ ಮುಂಚೆನೇ ಚಿಪ್ಪು ಕೈ ಎತ್ತಿರುತ್ತೆ. ಮೇಲಾಗಿ ಅಷ್ಟೂ ಬಲ ಬೀಳೋದು ಒಂದು ಕಾಸಿನಗಲದ ಜಾಗದ ಮೇಲೆ.

ಮರದ ಕಾಯಿ ಲೆಕ್ಕ ಬೇರೆ. 5 ಸೆಂಟಿಮೀಟರ್ ಮಣ್ಣು ಕೊಡ್ತು, ಒಂದೆರಡು ಸೆಂಟಿಮೀಟರ್ ಸಿಪ್ಪೆನೂ ಅದುಮಿ ಕೊಟ್ಟಿರುತ್ತೆ, 7 ಅನ್ನಿ. 15 ÷ 0.07, 214 ಪಟ್ಟು. ನಾವು ಮೊದ್ಲು ಸಿಪ್ಪೆ ಲೆಕ್ಕಕ್ಕೆ ತಗೊಳ್ಳದೇ 300 ಅಂದಿದ್ದು ಅಷ್ಟರಮಟ್ಟಿಗೆ ಜಾಸ್ತಿನೇ. ಒಳಗಿರೋ 600 ಗ್ರಾಂ ಕಾಯಿಗೆ ಬಿದ್ದಿದ್ದು ಅದರ ತೂಕದ 214 ಪಟ್ಟು, 1260 ನ್ಯೂಟನ್, ಅದೂ ಒಂದೇ ಕಡೆ ಅಲ್ಲ, ನಾರೊಳಗೆ ಹರಡ್ಕೊಂಡು ಅರ್ಧ ಕಾಯಿಗೆ ಹಂಚಿ ಹೋಗಿರುತ್ತೆ. ಸುಲಿಯೋವಾಗ ಹಾರೆಗೆ ಚುಚ್ಚಿ ಬೈಕೊಂಡು ಕೀಳ್ತೀವಲ್ಲ ಆ ಸಿಪ್ಪೆನೇ ಕಾಯಿಯ ಹೆಲ್ಮೆಟ್, ಹೆಲ್ಮೆಟ್ ಬೇಕಾಗಿರೋದು ಕಾಯಿಗೆ ಅಂತ ಮರಕ್ಕೆ ಯಾವತ್ತೋ ಗೊತ್ತಾಗಿದೆ.

ಅಪ್ಪಂಗೆ ಇದನ್ನ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ರು, ಆಮೇಲೆ, "ಅಂದ್ರೆ ಸಿಪ್ಪೆ ಸುಲಿದಿದ್ದಕ್ಕೆ ಒಡೀತು ಅಂತ. ಇದನ್ನ ಹೇಳೋಕೆ ಕೋಲು, ಫೋನು, ಸ್ಕೇಲು" ಅಂದ್ರು. ಏನೂ ಮಾತಾಡಲಿಲ್ಲ ನಾನು. ಇನ್ನೊಂದು ಕಾಯಿ ಚೀಲದಲ್ಲಿತ್ತು, ಟ್ರ್ಯಾಕ್ಟರ್‌ದು ಒಂದು ಆಯ್ತು, ನಿನ್ನ ಕಾರಿಂದು ನೀನೇ ಹಾಕು ಅಂತ ನನ್ನ ಕೈಗೆ ಕೊಟ್ರು.

ನಾನು ಈಡುಗಾಯಿ ಹಾಕಿ ಎಷ್ಟೋ ವರ್ಷ ಆಗಿತ್ತು. ತಲೆ ಮೇಲೆ ಎತ್ತಿದೆ, ಊರವರೆಲ್ಲ ನೋಡ್ತಿದಾರೆ ಅಂತ ಜೋರಾಗೇ ಬೀಸಿದೆ, ಅಪ್ಪಂಗಿಂತ ಸ್ಪೀಡೇ ಇತ್ತು ಅದು, ಬೇಕಾದ್ರೆ ವಿಡಿಯೋ ಇದೆ. ಕಲ್ಲಿಗೆ ಒಂದು ಗೇಣು ಈಚೆ, ಟ್ಯಾಂಕ್ ನೀರು ಸೋರಿ ಕೆಸರಾಗಿದ್ದ ಜಾಗಕ್ಕೆ ಬಿತ್ತು. ಪಚಕ್ ಅಂತು. ಅರ್ಧ ಹೂತ್ಕೊಂಡು, ಇಡೀ ಕಾಯಿ ಇಡಿಯಾಗೇ ನಿಂತಿತ್ತು. ಚೂರಿಗೆ ಓಡಿ ಬಂದ ಹುಡುಗರು ಅಲ್ಲೇ ಬ್ರೇಕ್ ಹಾಕಿದ್ರು. ಅಪ್ಪ ಆಂಜನೇಯನ ಕಡೆ ಒಂದ್ಸಲ ನೋಡಿ ನನ್ನ ಕಡೆ ತಿರುಗಿದ್ರು.

ಪುಟ್ಟಿ ಕೋಲು ಕೆಳಗಿಟ್ಟು, ಜೇಬಿಂದ ಸ್ಕೇಲ್ ತೆಗೆದು ಆ ಕೆಸರಲ್ಲಿ ಇಳಿಸಿದ್ಲು. "ಮಾಮ, 9 ಸೆಂಟಿಮೀಟರ್."